ಚಕ್ರದ ಮೇಲಿನ ಅಡುಗೆಮನೆ

ಮಾರ್ಚ್ 3, ಸೋಮವಾರ

ಅಮ್ಮ,

ಅಪ್ಪ ಮಾಡಿದ್ದು ಅನ್ಯಾಯ. ನಿನ್ನನ್ನು ಒಂದು ಮಾತೂ ಕೇಳದೆ, ಇದ್ದ ಮನೆಯನ್ನು ಬಾಡಿಗೆಗೆ ಕೊಟ್ಟು, ಹಳೆಯ ಮಿನಿಬಸ್ಸಿನೊಳಗೆ ಹಾಸಿಗೆ, ಒಲೆ, ಕಕ್ಕಸು ಕೂರಿಸಿ, ಅದಕ್ಕೆ ಮೋಟಾರ್‌ಹೋಮ್ ಎಂದು ಹೆಸರಿಟ್ಟು ನಿನ್ನನ್ನು ಹತ್ತಿಸಿಕೊಂಡು ಹೊರಟಿದ್ದಾರೆ. ನೀವು ಊರು ಬಿಟ್ಟ ಮೇಲೆ ನನಗೆ ಫೋನ್ ಬಂತು. "ನಾವು ಹೊರಟ್ವಿ ಕಣೇ" ಎಂದೆ ನೀನು. ನಾವು ಎಂದರೆ ಯಾರು? ನಿರ್ಧಾರ ಮಾಡಿದವರು ಒಬ್ಬರು, ಹೊರಟವರು ಇಬ್ಬರು.

ಇದನ್ನು ಫೋನಿನಲ್ಲಿ ಹೇಳಲಾರೆ. ಅಪ್ಪ ಸ್ಪೀಕರ್ ಹಾಕಿ, ನನಗೆ ತಾವೇ ಇಟ್ಟ ಅಡ್ಡಹೆಸರು ಹಿಡಿದು, "ನಮ್ಮ ಕರಪತ್ರ ಇವತ್ತು ಏನ್ ಹೇಳ್ತಿದೆ?" ಎಂದು ನಗುತ್ತಾರೆ. ಮುಂದೆ ನಿಲ್ಲುವ ಊರಿನ ಅಂಚೆ ಕಚೇರಿಗೆ ಬರೆದರೆ ಅಲ್ಲಿ ಕೇಳಿ ಪಡೆಯುತ್ತೇನೆ ಎಂದಿದ್ದೆಯಲ್ಲ, ಆದ್ದರಿಂದ ಪತ್ರ.

ಅಪ್ಪ ಗೂಡ್ಸ್ ರೈಲಿನ ಗಾರ್ಡ್ ಆಗಿ ಮೂವತ್ತು ವರ್ಷ ತಿರುಗಿದರು. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವರು. ಅಷ್ಟೂ ವರ್ಷ ನೀನು ಆಸ್ಪತ್ರೆಯ ಪಾಳಿ ಮುಗಿಸಿ ಬಂದು, ನನಗೆ ಜಡೆ ಹಾಕಿ, ಒಲೆ ಹಚ್ಚಿ, ನಿಂತೇ ನಿದ್ದೆ ಮಾಡುತ್ತಿದ್ದೆ. ಇಬ್ಬರೂ ನಿವೃತ್ತರಾದಿರಿ, ಇನ್ನಾದರೂ ನೀನು ಕಾಲು ಚಾಚಿ ಕೂರುತ್ತೀಯ ಎಂದುಕೊಂಡಿದ್ದೆ. ಅವರಿಗೆ ಕೂತಲ್ಲಿ ಕೂರಲಾಗದು ಎಂದು ನಿನ್ನನ್ನೂ ಅಲೆಸಬೇಕೇ? ಅವರು ಕೊಂಡದ್ದು ಗಾಡಿಯಲ್ಲ ಅಮ್ಮ. ನಿನಗೆ ಇನ್ನೊಂದು ಅಡುಗೆಮನೆ. ಈ ಸಲ ಅದು ಓಡಿಹೋಗುವ ಅಡುಗೆಮನೆ, ಅಷ್ಟೇ ವ್ಯತ್ಯಾಸ. ನೀನು ಓಡಿಹೋಗುವಂತಿಲ್ಲ.

ನಮ್ಮ ಪ್ರೆಸ್ಸಿನ ಬೈಂಡಿಂಗ್ ಮೇಜಿನ ಮೇಲೆ ನಾನೇ ಮಡಚಿದ ಕರಪತ್ರ ಒಂದನ್ನು ಜೊತೆಗಿಟ್ಟಿದ್ದೇನೆ. 'ಅಡುಗೆಮನೆಯೂ ಕಾರ್ಖಾನೆಯೇ' ಎಂದು ಅದರ ಹೆಸರು. ಎರಡನೆಯ ಪುಟ ಓದು. ಆಮೇಲೆ ನನಗೆ ನೇರವಾಗಿ ಉತ್ತರ ಕೊಡು. ಅಲ್ಲಿ ಮೊದಲು ಏಳುವವರು ಯಾರು? ನೀರು ಹಿಡಿಯುವವರು ಯಾರು? ಪಾತ್ರೆ ಯಾರದು? ಆ ಕಕ್ಕಸಿನ ಪೆಟ್ಟಿಗೆಯನ್ನು ಎತ್ತಿ ಚೆಲ್ಲುವವರು ಯಾರು?

ನನ್ನ ರೂಮು ಚಿಕ್ಕದು, ಆದರೆ ನಿಂತಲ್ಲೇ ನಿಂತಿರುತ್ತದೆ. ಯಾವಾಗ ಬೇಕಾದರೂ ಇಳಿದು ಬಾ.

ನಿನ್ನ ಮಗಳು

&nbsp;

ಮಾರ್ಚ್ 12, ಬುಧವಾರ

ಕಿಡಿ,

ಪತ್ರ ಸಿಕ್ಕಿತು. ಕರಪತ್ರವೂ ಸಿಕ್ಕಿತು. ಒಲೆಯ ಮೇಲಿನ ಗೂಡಿನ ಬಾಗಿಲು ಗಾಡಿ ಓಡುವಾಗ ಗಡಗಡ ಎನ್ನುತ್ತಿತ್ತು. ಕರಪತ್ರವನ್ನು ಇನ್ನೂ ಎರಡು ಮಡಿಕೆ ಮಾಡಿ ಸಂದಿಗೆ ಸಿಕ್ಕಿಸಿದ್ದೇನೆ, ಈಗ ಸದ್ದಿಲ್ಲ. ಕೋಪ ಮಾಡಿಕೊಳ್ಳಬೇಡ, ಓದಿದ ಮೇಲೆಯೇ ಸಿಕ್ಕಿಸಿದ್ದು.

ಇಲ್ಲಿ ಮೊದಲ ಕೆಲಸ ಅಡುಗೆಯಲ್ಲ, ನೀರು. ಕುಡಿಯುವ ನೀರಿನ ತೊಟ್ಟಿ ಹಾಸಿಗೆಯ ಕೆಳಗಿದೆ. ಅದನ್ನು ತುಂಬಲು ಒಂದು ಪೈಪು, ಕಕ್ಕಸಿನ ಪೆಟ್ಟಿಗೆ ತೊಳೆಯಲು ಇನ್ನೊಂದು. ಎರಡೂ ಒಂದೇ ಚೀಲದಲ್ಲಿ ಇರಕೂಡದು. ತೊಳೆಯುವ ಪೈಪಿಗೆ ಕೆಂಪು ಪಟ್ಟಿ ಸುತ್ತಿದ್ದೇನೆ, ಕತ್ತಲಲ್ಲೂ ಕೈಗೆ ಗೊತ್ತಾಗುವಂತೆ. ಪಾತ್ರೆ ತೊಳೆದ ನೀರು ಬೇರೆ ತೊಟ್ಟಿಗೆ ಇಳಿಯುತ್ತದೆ, ಅದನ್ನು ರಸ್ತೆ ಬದಿಗೆ ಬಿಟ್ಟು ಹೋಗುವವರನ್ನು ನೋಡಿದರೆ ನನಗೆ ಬಾರಿಸಬೇಕು ಅನ್ನಿಸುತ್ತದೆ. ಕಕ್ಕಸಿನ ಪೆಟ್ಟಿಗೆ ಹೊರಗಿನಿಂದ ಎಳೆದು ತೆಗೆಯುವಂಥದ್ದು. ಪೂರ್ತಿ ತುಂಬುವ ತನಕ ಕಾದರೆ ಎಳೆಯುವಾಗ ಚೆಲ್ಲುತ್ತದೆ. ಮುಕ್ಕಾಲು ಆದಾಗಲೇ, ಅದಕ್ಕೆಂದು ಇರುವ ಜಾಗದಲ್ಲಿ, ಖಾಲಿ ಮಾಡಬೇಕು. ಬೆಡ್‌ಪ್ಯಾನ್ ಎತ್ತಿದ ಕೈಗೆ ಇದೇನು ಮಹಾ.

ಹೊರಡುವ ಮುಂಚೆ ಗ್ಯಾಸ್ ಸಿಲಿಂಡರ್ ಬಂದ್ ಆಗಿರಬೇಕು. ಒಲೆ ಉರಿಯುವಾಗ ಚಾವಣಿಯ ಕಿಂಡಿ ತೆರೆದಿರಬೇಕು. ನೆಲದಲ್ಲೊಂದು ಜಾಲರಿ ಇದೆ. ಚಳಿಗಾಳಿ ಬರುತ್ತದೆಂದು ಅದಕ್ಕೆ ಬಟ್ಟೆ ತುರುಕಿದರೆ ಕಥೆ ಮುಗಿದಂತೆ. ಸೋರಿದ ಗ್ಯಾಸ್ ಕೆಳಗಿಳಿದು ಅಲ್ಲಿಂದಲೇ ಹೊರಗೆ ಹೋಗಬೇಕು. ಭಾರದ ಸಾಮಾನು ತಗ್ಗಿನಲ್ಲಿ, ನಾಲ್ಕು ಚಕ್ರಗಳ ನಡುವೆ, ಹಗುರದ್ದು ಮೇಲೆ. ಮೊದಲ ದಿನ ಒಂದೇ ಒಂದು ಗೂಡಿನ ಚಿಲಕ ಹಾಕುವುದು ಮರೆತೆವು. ಮೊದಲ ತಿರುವಿನಲ್ಲೇ ನನ್ನ ಮದುವೆಯ ಪಿಂಗಾಣಿ ತಟ್ಟೆಗಳು ನೆಲಕ್ಕೆ. ಈಗ ಸ್ಟೀಲಿನದರಲ್ಲಿ ಉಣ್ಣುತ್ತಿದ್ದೇವೆ.

ಯಾರು, ಯಾರು ಎಂದು ನೀನು ನಾಲ್ಕು ಸಲ ಕೇಳಿದ್ದೀಯ. ಎಲ್ಲವೂ ಆಗುತ್ತಿದೆ. ನಿಮ್ಮಪ್ಪ ಆರೋಗ್ಯವಾಗಿದ್ದಾರೆ.

ಒಂದು ಸಹಾಯ ಮಾಡು. ನಲ್ಲಿ ಮುಚ್ಚಿದ್ದರೂ ನೀರಿನ ಪಂಪು ಆಗಾಗ ಗುರ್ ಎನ್ನುತ್ತದೆ. ಕೊಳವೆಯ ಕೀಲುಗಳನ್ನೆಲ್ಲ ಒಣಬಟ್ಟೆಯಿಂದ ಒರೆಸಿ ನೋಡಿದೆ, ಎಲ್ಲೂ ಸೋರಿಲ್ಲ. ಹಾಗಾದರೆ ಪಂಪಿನೊಳಗಿನ ರಬ್ಬರು ಸವೆದಿರಬೇಕು. ಗಾಡಿ ಕಟ್ಟಿಕೊಟ್ಟ ಮೇಸ್ತ್ರಿಯ ಶೆಡ್ಡು ನಿಮ್ಮ ಊರಿನಲ್ಲೇ, ನಿಮ್ಮ ಪ್ರೆಸ್ಸಿನಿಂದ ಎರಡು ಬಸ್ ನಿಲ್ದಾಣ ಆಚೆ ಇದೆ. ರಬ್ಬರು ತೆಗೆದುಕೊಂಡು ಪಾರ್ಸೆಲ್ ಮಾಡು. ಆತ ಬಾಯಿಬಡುಕ, ಜಾಸ್ತಿ ಮಾತಿಗೆ ನಿಲ್ಲಬೇಡ.

ಅಮ್ಮ

&nbsp;

ಮಾರ್ಚ್ 22, ಶನಿವಾರ

ಅಮ್ಮ,

ರಬ್ಬರು ಪಾರ್ಸೆಲ್ ಆಗಿದೆ. ಮಾತಿಗೂ ನಿಂತೆ.

ಶೆಡ್ಡಿನಲ್ಲಿ ಅರ್ಧ ಕಟ್ಟಿದ ಎರಡು ಗಾಡಿಗಳಿದ್ದವು. ಒಂದರ ಗೋಡೆಯೊಳಗೆ ಮೇಸ್ತ್ರಿ ಹತ್ತಿಯಂಥದ್ದೇನನ್ನೋ ತುಂಬುತ್ತಿದ್ದ. ನಿನ್ನ ಮಗಳು ಎಂದ ಕೂಡಲೇ ಕೈ ಒರೆಸಿಕೊಂಡು ಸ್ಟೂಲು ಎಳೆದ.

"ಸಿಸ್ಟರ್ ಮಗಳಾ! ಕೂತ್ಕೊ ತಾಯಿ. ನಿಮ್ಮಮ್ಮನಂಥ ಗಿರಾಕಿ ನಾನು ನೋಡಿಲ್ಲ. ನಾಲ್ಕು ಸಲ ಬಂದ್ರು. ಮೊದಲನೇ ಸಲಾನೇ ಗಾಡಿ ಕೆಳಗೆ ಮಲಗಿ ತುಕ್ಕು ಕೆರೆದು ನೋಡಿದ್ರು. ಗೋಡೆನೆಲ್ಲ ಬೆರಳಲ್ಲಿ ಒತ್ತಿ ಒತ್ತಿ ನೋಡಿದ್ರು, ಒಳಗೆ ನೀರು ಇಳಿದಿದ್ರೆ ಮೆತ್ತಗಾಗುತ್ತೆ ಅಂತ. ಇದು ಮೇಸ್ತ್ರಿಗಳೂ ಮಾಡಲ್ಲ ಅಂದೆ. ಪೇಷೆಂಟ್ ಹೊಟ್ಟೆ ಹೀಗೇ ನೋಡೋದು ಅಂದ್ರು."

"ಓಡಿಸೋದು ಅಪ್ಪ ಅಲ್ವಾ?" ಎಂದೆ.

"ಸಾಹೇಬ್ರಾ?" ಎಂದು ನಕ್ಕ. "ಅವರಿಗೆಲ್ಲಿ ಲೈಸೆನ್ಸು! ದೊಡ್ಡ ಗಾಡಿ ಲೈಸೆನ್ಸು ತಗೊಂಡಿದ್ದು ಸಿಸ್ಟರ್. ರಿವರ್ಸ್ ಕಲಿತಿದ್ದು ಇದೇ ಅಂಗಳದಲ್ಲಿ. ನೋಡು, ಆ ಡ್ರಮ್ಮು ಚಪ್ಪಟೆ ಆಗಿರೋದು ಅವರ ಕೃಪೆ. ಸಾಹೇಬ್ರು ಗಾಡಿ ಒಯ್ಯೋ ದಿನ ಒಂದೇ ಸಲ ಬಂದಿದ್ರು. ಒಂದು ಸುತ್ತು ಹಾಕಿ, 'ಇದ್ರಲ್ಲಿ ಹಿಂದುಗಡೆ ಗಾರ್ಡ್ ಡಬ್ಬಿ ಎಲ್ಲಿ?' ಅಂದ್ರು. ನಾವೆಲ್ಲ ಬಿದ್ದು ಬಿದ್ದು ನಕ್ಕಿದ್ದೇ ನಕ್ಕಿದ್ದು."

"ಅಪ್ಪಾನೂ ನಕ್ರಾ?"

ಆತ ಮತ್ತೆ ಹತ್ತಿ ಕೈಗೆತ್ತಿಕೊಂಡ. "ಇಲ್ಲ ಅನ್ಸುತ್ತೆ," ಎಂದ.

ಅಮ್ಮ, ನಾಲ್ಕು ಸಲ ನನ್ನ ಊರಿಗೆ ಬಂದು ನನ್ನ ಬಾಗಿಲು ತಟ್ಟದೆ ಹೋಗಿದ್ದೀಯ. ಅದು ಇರಲಿ. ಗಾಡಿ ಕೊಂಡವಳು ನೀನು, ಓಡಿಸುವವಳು ನೀನು, ಮನೆ ಬಾಡಿಗೆಗೆ ಕೊಟ್ಟವಳೂ ನೀನೇ ಇರಬೇಕು. ಅರ್ಧ ಮನಸ್ಸು ಚಪ್ಪಾಳೆ ತಟ್ಟುತ್ತಿದೆ. ಐವತ್ತೊಂಬತ್ತರಲ್ಲಿ ಲೈಸೆನ್ಸ್ ತೆಗೆದುಕೊಂಡವಳ ಮೇಲೆ ನಾನೇ ಒಂದು ಕರಪತ್ರ ಬರೆಯಬಲ್ಲೆ. ಇನ್ನರ್ಧ ಮನಸ್ಸು ಒಂದೇ ಪ್ರಶ್ನೆ ಕೇಳುತ್ತಿದೆ. ಮೊದಲ ಪತ್ರದಲ್ಲಿ ಬರೆದ ಅನ್ಯಾಯವನ್ನು ನಾನು ಹಿಂದಕ್ಕೆ ಪಡೆಯುವುದಿಲ್ಲ, ವಿಳಾಸ ಮಾತ್ರ ತಿದ್ದುತ್ತೇನೆ. ನೀನು ಅಪ್ಪನನ್ನು ಕೇಳಿದೆಯಾ?

ಕೇಳಲು ಇನ್ನೊಂದು ಕಾರಣವಿದೆ. ಮನೆಯ ಬಾಡಿಗೆದಾರರು, ಆ ಔಷಧಿ ಅಂಗಡಿಯ ದಂಪತಿ, ಫೋನ್ ಮಾಡಿದ್ದರು. ಜೂನ್ ಕೊನೆಗೆ ಖಾಲಿ ಮಾಡುವ ಬದಲು ಇನ್ನೊಂದು ವರ್ಷ ಇರುತ್ತಾರಂತೆ. ನೀನು ಹೂಂ ಎನ್ನುವ ಹಾಗಿದೆ, ಮೇ ತಿಂಗಳಲ್ಲಿ ಹೇಳುತ್ತೇನೆ ಎಂದಿದ್ದೀಯಂತೆ. ಅಪ್ಪನ ಮನೆಯೂ ಅದೇ ಅಲ್ಲವೇ?

ಮಗಳು

&nbsp;

ಏಪ್ರಿಲ್ 6, ಭಾನುವಾರ

ಕಿಡಿ,

ರಬ್ಬರು ಸರಿಹೋಯಿತು, ಪಂಪು ಸುಮ್ಮನಾಗಿದೆ. ಮೇಸ್ತ್ರಿ ಸುಮ್ಮನಾಗಲಿಲ್ಲ.

ಹೌದು, ನಾನೇ. ನನ್ನ ನಿವೃತ್ತಿಯ ಹಣ, ನನ್ನ ಲೈಸೆನ್ಸು. ಕಂಪ್ಯೂಟರ್ ಕ್ಲಾಸಿಗೆ ಹೋಗುತ್ತೇನೆ ಎಂದು ಹೇಳಿ ಡ್ರೈವಿಂಗ್ ಕಲಿತೆ. ನಿನಗೆ ಯಾಕೆ ಹೇಳಲಿಲ್ಲ ಎಂದರೆ ನೀನು ಊರಿಗೆಲ್ಲ ಡಂಗುರ ಹೊಡೆಯುತ್ತಿದ್ದೆ. ಆಮೇಲೆ ನೀನು ತಪ್ಪು ತಿಳಿದಾಗ ತಿದ್ದಲಿಲ್ಲ ಯಾಕೆಂದರೆ, ನಿಜ ಹೇಳುತ್ತೇನೆ, ನೀನು ನನ್ನ ಪರವಾಗಿ ಅವರನ್ನು ಬೈದದ್ದು ಸ್ವಲ್ಪ ಹಿತವಾಗಿತ್ತು.

ನನ್ನ ವಾರ್ಡಿಗೆ ಇದ್ದದ್ದು ಒಂದೇ ಕಿಟಕಿ. ಅದರಲ್ಲಿ ಕಾಣುತ್ತಿದ್ದದ್ದು ಲಾಂಡ್ರಿಯ ಹಿಂಬದಿ. ನಿಮ್ಮಪ್ಪ ಮನೆಗೆ ಬಂದಾಗೆಲ್ಲ ಸೇತುವೆ, ಸುರಂಗ, ಬೆಳಗಿನ ಜಾವ ಹಳಿಯ ಪಕ್ಕ ನಿಂತ ನರಿ ಎಂದು ಕಥೆ ಹೇಳುತ್ತಿದ್ದರು. ನೀನು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದೆ. ನಾನೂ ಕೇಳುತ್ತಿದ್ದೆ, ಪಾತ್ರೆ ತೊಳೆಯುತ್ತ. ನಕ್ಷೆಯಲ್ಲಿ ರಸ್ತೆ ಮುಗಿಯುವ ಕಡಲ ತುದಿಯೊಂದಿದೆ. ಅಲ್ಲಿಯ ತನಕ ನಾನು ಓಡಿಸಿಕೊಂಡು ಹೋಗಬೇಕು. ಮೀನಿಗೆ ಈಜು ಬೇಕಾ ಎಂದು ಯಾರಾದರೂ ಕೇಳುತ್ತಾರಾ? ಅವರನ್ನು ಏನು ಕೇಳಬೇಕಿತ್ತು?

ಅವರು ಖುಷಿಯಾಗೇ ಇದ್ದಾರೆ. ಮುಂದಿನ ಸೀಟು ಬೇಡವೆಂದು ಹಿಂದಿನ ಕಿಟಕಿಯ ಹತ್ತಿರ ಬೆಲ್ಟ್ ಹಾಕಿ ಕೂರುತ್ತಾರೆ, ದಾಟಿ ಬಂದ ದಾರಿ ನೋಡುತ್ತ. ಗಾಡಿ ಹಿಂದಕ್ಕೆ ತೆಗೆಯುವಾಗ ಕೆಳಗಿಳಿದು ಟಾರ್ಚು ಹಿಡಿದು ಸಿಗ್ನಲ್ ಕೊಡುತ್ತಾರೆ. ಗಾರ್ಡನ್ನು ಕಟ್ಟಿಕೊಂಡಿದ್ದಕ್ಕೆ ಈಗ ಲಾಭ. ಬೆಳಿಗ್ಗೆ ಎದ್ದು ಟೈರುಗಳ ಗಾಳಿ ನೋಡುತ್ತಾರೆ. ಮೇಲೆ ಸವೆಯದಿದ್ದರೂ ಟೈರಿಗೆ ವಯಸ್ಸಾಗುತ್ತದೆ ಎಂದು ಅವರಿಂದಲೇ ಗೊತ್ತಾಯಿತು. ಬದಿಯಲ್ಲಿ ಸಣ್ಣ ಬಿರುಕು ಕಂಡು ಎರಡನ್ನು ಬದಲಾಯಿಸಿದೆವು. ಅದು ಮುಗಿದ ಮೇಲೆ ಅಟೆನ್ಷನ್ನಲ್ಲಿ ನಿಂತು, "ಹೆಡ್ ಸಿಸ್ಟರೇ, ಇವತ್ತು ಎಲ್ಲಿಗೆ ಡ್ಯೂಟಿ?" ಎನ್ನುತ್ತಾರೆ. ದಿನಾ ಅದೇ ತಮಾಷೆ. ಅವರಿಗೆಂದು ಒಂದು ಗೂಡು ಬಿಟ್ಟಿದ್ದೇನೆ, ಆದರೂ ಬಟ್ಟೆಯನ್ನು ಅವರ ಆ ಹಳೇ ತಗಡಿನ ಪೆಟ್ಟಿಗೆಯಲ್ಲೇ ಇಡುತ್ತಾರೆ. ಮಲಗುವಾಗ ಬೂಟು ಬಿಚ್ಚಿ ಅಂದರೂ ಕೇಳುವುದಿಲ್ಲ. ಹುಟ್ಟುಗುಣ.

ನಾವು ಹಗಲಿರುವಾಗಲೇ ತಂಗುವ ಜಾಗ ಸೇರುತ್ತೇವೆ. ಕತ್ತಲಲ್ಲಿ ನೆಲ ಸಮವೋ ಕೆಸರೋ ತಿಳಿಯುವುದಿಲ್ಲ. ಇಳಿಜಾರಿದ್ದರೆ ಚಕ್ರದ ಕೆಳಗೆ ಹಲಗೆ ಕೊಟ್ಟು ಸಮ ಮಾಡಬೇಕು, ಇಲ್ಲದಿದ್ದರೆ ಬೆಳಗಿನವರೆಗೆ ಇಬ್ಬರೂ ಒಂದೇ ಮೂಲೆಗೆ ಉರುಳುತ್ತೇವೆ. ಮನೆಯ ಬಾಡಿಗೆಯ ವಿಷಯ ನನಗೆ ಬಿಡು.

ಅಮ್ಮ

&nbsp;

ಏಪ್ರಿಲ್ 11, ಶುಕ್ರವಾರ

ಅಮ್ಮ,

ಅದು ತಮಾಷೆಯಲ್ಲ.

ನಿನ್ನ ಪತ್ರವನ್ನು ಪ್ರೆಸ್ಸಿನ ಊಟದ ಬೆಂಚಿನ ಮೇಲೆ ಮತ್ತೆ ಮತ್ತೆ ಓದಿದೆ. ಬೂಟು ಹಾಕಿಕೊಂಡು ಮಲಗುವವನು ಯಾರು? ಯಾವ ಗಳಿಗೆಯಲ್ಲಾದರೂ ಎಬ್ಬಿಸುತ್ತಾರೆ ಎಂದು ಗೊತ್ತಿರುವವನು. ಪೆಟ್ಟಿಗೆಯಿಂದ ಬಟ್ಟೆ ತೆಗೆಯದವನು ಯಾರು? ಇದು ತನ್ನ ಮನೆಯಲ್ಲ ಎಂದುಕೊಂಡವನು. ದಿನಾ ಬೆಳಿಗ್ಗೆ ಎಲ್ಲಿಗೆ ಡ್ಯೂಟಿ ಎಂದು ಕೇಳುವವನಿಗೆ ಎಲ್ಲಿಗೆ ಹೋಗಬೇಕೆಂಬ ಆಸೆ ಇಲ್ಲ ಅಮ್ಮ, ಇದ್ದಿದ್ದರೆ ತಾನೇ ಹೇಳುತ್ತಿದ್ದ. ನೀನು ಅವರನ್ನು ಪ್ರವಾಸಕ್ಕೆ ಕರೆದೊಯ್ದಿದ್ದೀಯ. ಅವರು ಕೆಲಸಕ್ಕೆ ಮರಳಿದ್ದಾರೆ, ಈ ಸಲ ಸಂಬಳವಿಲ್ಲದೆ.

ನಾನು ಅವರನ್ನು ಯಜಮಾನ ಎಂದುಕೊಂಡು ಬೈದೆ. ನೀನು ಅವರನ್ನು ಮೀನು ಎಂದೆ. ನಾವಿಬ್ಬರೂ ಅವರ ಬಗ್ಗೆ ಬರೆದೆವು, ಅವರಿಗೆ ಒಂದು ಸಾಲೂ ಬರೆಯಲಿಲ್ಲ.

ಹೋಗಿ ಕೇಳು. ಗಾಡಿ ಓಡಿಸುತ್ತ ಕನ್ನಡಿಯಲ್ಲಿ ನೋಡಿ ಕೇಳಬೇಡ, ಎಂಜಿನ್ ಆರಿಸಿ ಎದುರು ಕೂತು ಕೇಳು. "ಚೆನ್ನಾಗಿದ್ದೀರಾ" ಎಂದರೆ "ಚೆನ್ನಾಗಿದ್ದೀನಿ" ಎನ್ನುತ್ತಾರೆ. ರೋಗಿಗಳನ್ನು ಕೇಳುವುದು ಹೇಗೆಂದು ನಿನಗೆ ನಾನು ಹೇಳಿಕೊಡಬೇಕೆ? ನೋವಿದೆಯಾ ಎಂದು ಕೇಳಬಾರದು, ಎಲ್ಲಿ ನೋವು ಎಂದು ಕೇಳಬೇಕು ಎಂದು ನೀನೇ ಹೊಸ ನರ್ಸುಗಳಿಗೆ ಹೇಳುತ್ತಿದ್ದೆ. ಅದಾಗುವವರೆಗೆ ಬಾಡಿಗೆದಾರರಿಗೆ ಹೂಂ ಎನ್ನಬೇಡ.

ಮಗಳು

&nbsp;

ಏಪ್ರಿಲ್ 22, ಮಂಗಳವಾರ

ಕಿಡಿ,

ನಿನ್ನ ಪತ್ರ ಓದಿ ಸಿಟ್ಟಿನಲ್ಲೇ ಇದ್ದೆ. ಆ ಸಿಟ್ಟಿನಲ್ಲಿ ಪೆಟ್ರೋಲ್ ಬಂಕಿನ ಸೂರಿಗೆ ಗಾಡಿಯ ತಲೆ ತಾಗಿಸಿದೆ. ಗಾಡಿಯ ಎತ್ತರ ಬರೆದ ಚೀಟಿ ಸ್ಟಿಯರಿಂಗಿನ ಎದುರೇ ಅಂಟಿದೆ. ಕಣ್ಣಿದ್ದರೂ ಕಾಣಲಿಲ್ಲ. ನಿಮ್ಮಪ್ಪ ಹಿಂದಿನಿಂದ "ನಿಲ್ಸು, ನಿಲ್ಸು" ಎಂದು ಕೂಗಿದ್ದೂ ಕೇಳಿಸಲಿಲ್ಲ. ಚಾವಣಿಯ ಕಿಂಡಿಯ ಮುಚ್ಚಳ ಚೂರಾಯಿತು. ಪ್ಲಾಸ್ಟಿಕ್ ಹಾಳೆ ಕಟ್ಟಿಕೊಂಡು ಹೆದ್ದಾರಿ ಕವಲಿನ ಈ ಲಾರಿ ಬಯಲಿನಲ್ಲಿ ನಿಂತಿದ್ದೇವೆ. ಹೊಸದು ಬರಲು ಎರಡು ವಾರವಾದರೂ ಬೇಕಂತೆ. ಎಂಜಿನ್ ಆರಿಸು ಎಂದಿದ್ದೆಯಲ್ಲ, ತಾನಾಗಿ ಆರಿತು.

ನಿನ್ನೆ ಮಧ್ಯಾಹ್ನ ಎದುರು ಕೂತು ಕೇಳಿದೆ.

"ಎಲ್ಲಿ ನೋವು?"

"ಯಾರಿಗೆ?"

"ನಿಮಗೆ."

"ನಂಗೇನಾಗಿದೆ ಧಾಡಿ? ಚೆನ್ನಾಗಿದ್ದೀನಿ."

"ರೋಗಿಗಳೆಲ್ಲ ಹಾಗೇ ಹೇಳೋದು. ಎಲ್ಲಿ?"

ಟಾರ್ಚಿನ ಗಾಜು ಒರೆಸುತ್ತ ಕೂತರು. ಆಮೇಲೆ, "ಬೆನ್ನಲ್ಲಿ," ಎಂದರು. "ಅಲುಗದೆ ಇರೋ ಹಾಸಿಗೆ ಮೇಲೆ ಮಲಗ್ಬೇಕು ಅಂತ ಮೂವತ್ತು ವರ್ಷ ಕಾದೆ ಕಣೇ. ಒಂದು ವರ್ಷಾನೂ ಸಿಗಲಿಲ್ಲ."

"ಹಾಗಾದ್ರೆ ಆ ಸೇತುವೆ, ಸುರಂಗ, ನರಿ?"

"ಮನೆಗೆ ಬಂದ್ಮೇಲೆ ಏನಾದ್ರೂ ಹೇಳ್ಬೇಕಲ್ಲ. ನಿನ್ ಹತ್ರ ವಾರ್ಡಿನ ಕಥೆ ಇತ್ತು, ಮಗು ಹತ್ರ ಸ್ಕೂಲಿನ ಕಥೆ ಇತ್ತು. ನನ್ ಹತ್ರ ಇದ್ದಿದ್ದು ಅದೇ. ನರಿ ನೋಡಿದ್ದು ಒಂದೇ ಸಲ."

"ಹೊರಡೋ ಮುಂಚೆ ಬಾಯಿ ಬಿಡೋಕೆ ಏನಾಗಿತ್ತು?"

"ಕೇಳಿದ್ರೆ ಹೇಳ್ತಿದ್ದೆ," ಎಂದರು. ಸಿಟ್ಟಿರಲಿಲ್ಲ ದನಿಯಲ್ಲಿ. "ಆಮೇಲೆ ನೀನು ಸ್ಟಿಯರಿಂಗ್ ಹಿಡಿದಾಗ ಮುಖ ನೋಡ್ದೆ. ಮದುವೆ ದಿನಾನೂ ನೀನು ಅಷ್ಟು ನಕ್ಕಿರಲಿಲ್ಲ. ಇಳೀತೀನಿ ಅಂತ ಯಾವ ಬಾಯಲ್ಲಿ ಹೇಳ್ಲಿ?"

ನಾನು ಎದ್ದು ಹೋಗಿ ತೊಳೆದ ಲೋಟವನ್ನೇ ಇನ್ನೊಮ್ಮೆ ತೊಳೆದೆ.

ಗಾಡಿ ಮಾರಿಬಿಡೋಣ ಎಂದೂ ಹೇಳಿದೆ. ಹೇಳುವಾಗ ಗಾಡಿಯ ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದಿದ್ದೆ, ಅದು ಅವರ ಕಣ್ಣಿಗೆ ಬಿತ್ತು. "ಮಾರೋದ್ಯಾಕೆ? ಗಾರ್ಡ್ ದಣಿದ ಅಂತ ಯಾರಾದ್ರೂ ಗಾಡಿ ನಿಲ್ಲಿಸ್ತಾರಾ? ಇನ್ನೊಬ್ಬ ಗಾರ್ಡ್ ಬರ್ತಾನೆ, ಇವನು ಇಳ್ಕೊಂಡು ಮನೆಗೆ ಹೋಗ್ತಾನೆ" ಎಂದರು. ಬಾಡಿಗೆದಾರರಿಗೆ ಅವರೇ ಫೋನ್ ಮಾಡಿ ಜೂನ್ ಕೊನೆಗೆ ಮನೆ ಬೇಕು ಎಂದಿದ್ದಾರೆ. ಅಲ್ಲಿಯ ತನಕ ಅವರು ಎಲ್ಲಿರುವುದು ಎಂದು ನನಗೆ ತೋಚುತ್ತಿಲ್ಲ. ಒಬ್ಬಳೇ ಓಡಿಸಬಲ್ಲೆ, ಆದರೆ ಇಷ್ಟುದ್ದದ ಗಾಡಿ ಹಿಂದಕ್ಕೆ ತೆಗೆಯಲು ಕೆಳಗೊಬ್ಬರು ನಿಂತಿರಬೇಕು.

ನೀನು ಬಾ ಎಂದು ಹೇಳುತ್ತಿಲ್ಲ. ನಿನ್ನ ಕೆಲಸ ನಿನಗಿದೆ. ಸುಮ್ಮನೆ ತಿಳಿದಿರಲಿ ಎಂದು ಬರೆಯುತ್ತೇನೆ: ಈ ಗಾಡಿಗೆ ಯಾರೇ ಬರಲಿ, ಸೂಟ್‌ಕೇಸು ತರಕೂಡದು, ಇಡಲು ಜಾಗವಿಲ್ಲ. ಬಟ್ಟೆಯ ಚೀಲ ತರಬೇಕು. ಒಂದು ಜೊತೆ ರಬ್ಬರ್ ಕೈಗವಸು ತಮ್ಮದೇ ತರಬೇಕು. ಪುಸ್ತಕ ತಂದರೆ ಭಾರ, ಓದಿದ್ದನ್ನು ದಾರಿಯಲ್ಲಿ ಯಾರಿಗಾದರೂ ಕೊಟ್ಟುಬಿಡಬೇಕು.

ಅಮ್ಮ

&nbsp;

ಏಪ್ರಿಲ್ 25, ಶುಕ್ರವಾರ

ಅಮ್ಮ,

ಕೇಳದೆ ಯಾರನ್ನೂ ಹತ್ತಿಸಬಾರದು ಎಂದು ಇಷ್ಟೆಲ್ಲ ಬರೆದವಳು ನಾನು. ಕೇಳದೆ ಹತ್ತಲೂ ಬಾರದು. ಆದ್ದರಿಂದ ಕೇಳುತ್ತಿದ್ದೇನೆ: ಕಡಲ ತುದಿಯ ತನಕ ನಾನು ಬರಬಹುದೇ?

ನಿನಗೆ ಬರೆಯುವ ಮೊದಲು ಅಪ್ಪನಿಗೆ ಫೋನ್ ಮಾಡಿದೆ. ಸ್ಪೀಕರ್ ಆರಿಸಲು ಹೇಳಿ, "ಅಪ್ಪ, ಜೂನ್ ತನಕ ನನ್ನ ರೂಮಿನಲ್ಲಿ ಇರ್ತೀರಾ?" ಎಂದೆ.

"ಮಂಚ ಅಲುಗುತ್ತಾ?"

"ಇಲ್ಲ, ಗೋಡೆಗೆ ಮೊಳೆ ಹೊಡೆದಿದೆ."

"ಕಿಟಕಿಯಿಂದ ಏನ್ ಕಾಣುತ್ತೆ?"

"ಎದುರು ಮನೆ ಗೋಡೆ."

"ಓಡಿಹೋಗೋದಿಲ್ಲ ತಾನೇ? ಹಂಗಾದ್ರೆ ಬಂದೆ," ಎಂದರು. ಅಷ್ಟು ಹೊತ್ತು ನಾನು ಅವರೊಡನೆ ಮಾತಾಡಿದ್ದು ಯಾವಾಗ ಎಂದು ನೆನಪಾಗಲಿಲ್ಲ. ಕೊನೆಗೆ ಮೆಲ್ಲಗೆ, "ಅವಳು ಎಡಕ್ಕೆ ತಿರುಗೋವಾಗ ಹಿಂಭಾಗ ಮೂಲೆಗೆ ತಾಗಿಸ್ತಾಳೆ, ನೋಡ್ಕೋ," ಎಂದರು. ನಿನಗೆ ಹೇಳಬಾರದೆಂದೂ ಹೇಳಿದರು. ಹೇಳುತ್ತಿದ್ದೇನೆ, ಯಾಕೆಂದರೆ ಮುಚ್ಚಿಟ್ಟದ್ದು ಸಾಕಾಗಿದೆ.

ಪ್ರೆಸ್ಸಿನ ಫೋರ್‌ಮನ್ ಮೊದಲು ರಜೆ ಇಲ್ಲ ಎಂದ. ಆರು ವರ್ಷದಿಂದ ತೆಗೆದುಕೊಳ್ಳದ ರಜೆಯ ನಿಯಮ ಓದಿ ಹೇಳಿದೆ. ತೊಲಗು ಎಂದ, ಅದನ್ನು ಮಂಜೂರಾತಿ ಎಂದು ತಿಳಿದಿದ್ದೇನೆ. ಜೂನ್ ಕೊನೆಯ ತನಕ ನಾನು ನಿನ್ನವಳು.

ನನ್ನ ಷರತ್ತುಗಳನ್ನು ಕೇಳು. ಓಡಿಸಿದವರು ಆ ದಿನ ಒಲೆ ಮುಟ್ಟುವಂತಿಲ್ಲ. ಓಡಿಸುವವಳು ಸದ್ಯ ನೀನೊಬ್ಬಳೇ, ಹಾಗಾಗಿ ಒಲೆ ನನ್ನದು, ನಾನು ಮಾಡಿದ್ದನ್ನು ದೂರದೆ ತಿನ್ನಬೇಕು. ಕಕ್ಕಸಿನ ಪೆಟ್ಟಿಗೆ ಒಂದು ಸಲ ನೀನು, ಒಂದು ಸಲ ನಾನು. ದಾರಿಯಲ್ಲಿ ನಿಲ್ಲುವ ಊರುಗಳಲ್ಲಿ ನಾನು ಕರಪತ್ರ ಹಂಚುತ್ತೇನೆ, ನೀನು ತಡೆಯಬಾರದು. ಭಾರ ಎಂದರೆ ನನ್ನ ಬಟ್ಟೆ ಕಡಿಮೆ ಮಾಡುತ್ತೇನೆ. ಮತ್ತು ಬೆಳಿಗ್ಗೆ ಹೊರಡುವ ಮುಂಚೆ ಎಲ್ಲಿಗೆ ಎಂದು ಇಬ್ಬರೂ ಕೂತು ಮಾತಾಡಬೇಕು. ನನಗೆ ಬೇಡ ಎನಿಸಿದರೆ ಬೇಡ ಎನ್ನುತ್ತೇನೆ. ನೀನೂ ಅನ್ನು.

ಬೇಡ ಎನ್ನುವುದಿದ್ದರೆ ಫೋನ್ ಮಾಡು. ಫೋನ್ ಬಾರದಿದ್ದರೆ ಮೇ 3ರ ಶನಿವಾರ ರಾತ್ರಿ ಹೊರಡುವ ಬಸ್ಸು ನನ್ನನ್ನು ನಿಮ್ಮ ಲಾರಿ ಬಯಲಿನ ಬಾಯಿಯಲ್ಲೇ ಇಳಿಸುತ್ತದೆ. ಅದೇ ಬಸ್ಸು ಎಂಟಕ್ಕೆ ಹಿಂದಿರುಗುತ್ತದೆ, ಅಪ್ಪ ಅದರಲ್ಲಿ ಕೂರಲಿ. ಕಂಡಕ್ಟರಿಗೆ ಹೇಳಿ ನಡುವಿನ ಸೀಟು ಹಿಡಿದಿಟ್ಟಿರುತ್ತೇನೆ, ಅಲ್ಲಿ ಕುಲುಕಾಟ ಕಡಿಮೆ. ನಡುವೆ ಅರ್ಧ ಗಂಟೆ ಮೂವರೂ ಒಂದೇ ಕಡೆ ಇರುತ್ತೇವೆ. ಆ ಹೊತ್ತಿನಲ್ಲಿ ಅಪ್ಪ ನನಗೆ ಸಿಗ್ನಲ್ ಕಲಿಸಬೇಕು. ನೀನು ಗಾಡಿಯನ್ನು ಒಂದು ಸಲ ಹಿಂದಕ್ಕೆ ತೆಗೆ, ನಾನು ಕೆಳಗೆ ನಿಲ್ಲುತ್ತೇನೆ, ಅವರು ನನ್ನ ಪಕ್ಕ ನಿಲ್ಲಲಿ.

ಮೇ 4, ಭಾನುವಾರ, ಬೆಳಿಗ್ಗೆ ಏಳೂವರೆ.

ಮಗಳು